ಡಿಜಿಟಲ್ ಲೈನಿನ ಪಿಸುಮಾತು

ಜೋರಾಪುರ ಪೇಟೆಯ ಪಂಪ್‌ಸೆಟ್ ಅಂಗಡಿಯೊಂದರಲ್ಲಿ ನಾನು ಗುಮಾಸ್ತನಾಗಿದ್ದೆ. ನಮ್ಮ ಮಾಲೀಕರು ಫೋನಿನಲ್ಲಿ ಊರಿನ ದೂರ ನೋಡಿ ದನಿ ಏರಿಸುತ್ತಿದ್ದರು. ತಿಕೋಟಾಕ್ಕಾದರೆ ಕುಳಿತೇ ಕೂಗುತ್ತಿದ್ದರು, ಬಬಲೇಶ್ವರಕ್ಕಾದರೆ ಎದ್ದು ನಿಲ್ಲುತ್ತಿದ್ದರು. ಯಾರಾದರೂ ನಕ್ಕರೆ, "ದೂರ ಐತೋ ಯಪ್ಪಾ" ಎನ್ನುತ್ತಿದ್ದರು. ಕೂಗಿನ ಜೊತೆ ನಾಲ್ಕು ಬೈಗುಳವೂ ಇರುತ್ತಿತ್ತು. ರೈತರು ಅದನ್ನು ಪ್ರೀತಿಯೆಂದೇ ತಿಳಿದಿದ್ದರು.

ಒಂದು ದಿನ ಲೈನ್‌ಮನ್ ಬಂದು, ಹಳೆಯ ತಾಮ್ರದ ತಂತಿ ತೆಗೆದು ಡಿಜಿಟಲ್ ಲೈನ್ ಹಾಕುವುದಾಗಿ ಹೇಳಿದ. "ಪಿಸುಗುಟ್ಟಿದ್ರೂ ಖಣಖಣ ಕೇಳ್ತೈತ್ರಿ."

ಮಾಲೀಕರು ಗಾಬರಿಯಾದರು. "ಹಂಗಾರ ನಮ್ಮ ದನಿಗೆ ಗಿರಾಕಿ ಕಿವಿ ಒಡದ ಹೋಗ್ತಾವಲೇ!"

ಅಂದಿನಿಂದಲೇ ಇಡೀ ಅಂಗಡಿಗೆ ಪಿಸುಮಾತಿನ ತಾಲೀಮು ಶುರುವಾಯಿತು. ನಾವು ಚಹಾ ಸಹ ಪಿಸುಗುಟ್ಟಿಯೇ ತರಿಸಬೇಕಾಯಿತು. ವಾಶರ್ ಕೇಳಲು ಬಂದ ರೈತರೂ, ಏಕೆಂದು ತಿಳಿಯದೆ, ನಮ್ಮ ಕಿವಿಯ ಬಳಿ ಬಾಗುತ್ತಿದ್ದರು.

ಹೊಸ ಲೈನ್ ಬಂದ ದಿನ ಬಬಲೇಶ್ವರದ ಹಳೆಯ ಗಿರಾಕಿ ಫೋನ್ ಮಾಡಿದ. ಮಾಲೀಕರು ಮೆಲ್ಲಗೆ, "ಹೇಳ್ರಿ" ಎಂದರು. ಆತ ಫೋನ್ ಇಟ್ಟುಬಿಟ್ಟ. ಮಧ್ಯಾಹ್ನದ ಬಸ್ಸಿಗೆ ಎಳನೀರು ಹಿಡಿದು ಬಂದೇಬಿಟ್ಟ.

"ಸಾವಕಾರ್ರಿಗೆ ಏನಾಗೈತ್ರಿ? ದನ್ಯಾಗ ಜೀವಾನ ಇಲ್ಲ!" ಎಂದು ನನ್ನನ್ನು ಕೇಳಿದ.

"ಅರಾಮ ಅದೀನಿ" ಎಂದು ಮಾಲೀಕರೇ ಪಿಸುಗುಟ್ಟಿದರು.

ಆತನ ಕಣ್ಣು ತುಂಬಿತು. "ಹಂಗಾರ ಒಮ್ಮೆ ಬೈರಿ."

ಮಾಲೀಕರು ಅಳುಕುತ್ತ ಫೋನಿನ ಕಡೆ ನೋಡಿದರು. ಆತನ ಕೈಹಿಡಿದು ಬೀದಿಗೆ ಕರೆದೊಯ್ದು, ಬಾಯ್ತುಂಬ ಬೈದರು. ಜಗಳ ಬಿಡಿಸಲು ಓಡಿಬಂದವರನ್ನು ಆತ ಕೈಯೆತ್ತಿ ತಡೆದ.

"ಸುಮ್ನಿರ್ರಿ, ಪೂರಾ ಮುಗಿಸ್ಲಿ."