ಲಗಮವ್ವ ಸಾರಿಸಿದ ಹುಲ್ಲು

ಆಗಿನ ಪುಣೆಯಲ್ಲಿ ಯಾವ ದನವೂ ತಿನ್ನದ ಹುಲ್ಲನ್ನು ಮನೆ ಮುಂದೆ ಬೆಳೆಸುತ್ತಿದ್ದವರು ಕ್ಯಾಂಪಿನ ಸಾಹೇಬರು ಮಾತ್ರ. ನಮ್ಮಂಥವರ ಮನೆ ಮುಂದೆ ಇರುತ್ತಿದ್ದದ್ದು ಸೆಗಣಿಯಿಂದ ಸಾರಿಸಿದ ಅಂಗಳ, ತುಳಸಿಕಟ್ಟೆ, ಹೆಚ್ಚೆಂದರೆ ಒಂದು ಪಾರಿಜಾತ. ಎರಡನೆಯ ಮಹಾಯುದ್ಧ ಶುರುವಾಗಲು ಇನ್ನೂ ಮೂರು ನಾಲ್ಕು ವರ್ಷವಿತ್ತು. ಧಾರವಾಡದಿಂದ ಬಂದು ಕಾಲುವೆ ಕಚೇರಿಯಲ್ಲಿ ನಕ್ಷೆ ಬರೆಯುತ್ತಿದ್ದ ನಮ್ಮಪ್ಪ ಎರಂಡವಣೆಯ ಹೊಲಗಳ ನಡುವೆ ಹೊಸ ಮನೆ ಕಟ್ಟಿಸಿದ್ದರು. ಮನೆ ಮುಗಿದರೂ ಅವರಿಗೆ ಸಮಾಧಾನವಿರಲಿಲ್ಲ. ಮುಂದಿನ ಜಾಗದಲ್ಲಿ ಲಾನ್ ಬೇಕು ಎಂದರು. ಆ ಒಂದು ಮಳೆಗಾಲವನ್ನು ಈ ವಯಸ್ಸಿನಲ್ಲಿ ಬರೆಯಲು ಕೂತಿರುವುದು ಲಾನಿನ ಸಲುವಾಗಿ ಅಲ್ಲ. ಆಗ ನನಗೆ ಹನ್ನೊಂದು ವರ್ಷ. ಒಂದು ತಪ್ಪು ಮಾಡಿದೆ. ಅದನ್ನು ಇದುವರೆಗೆ ಯಾರ ಮುಂದೆಯೂ ಪೂರ್ತಿ ಹೇಳಿಲ್ಲ.

ಅಪ್ಪನ ಹತ್ತಿರ ಲಾನ್ ಬೆಳೆಸುವ ಬಗ್ಗೆ ಒಂದು ಇಂಗ್ಲಿಷ್ ಪುಸ್ತಕವಿತ್ತು. ಯಾವ ತಿಂಗಳು ಬೀಜ ಹಾಕಬೇಕು, ಯಾವಾಗ ರೋಲರ್ ಎಳೆಯಬೇಕು, ಎಷ್ಟು ಎತ್ತರಕ್ಕೆ ಕತ್ತರಿಸಬೇಕು ಎಂದೆಲ್ಲ ಅದರಲ್ಲಿತ್ತು. ಆದರೆ ಅದು ವಿಲಾಯತಿಯ ಮಳೆ, ವಿಲಾಯತಿಯ ಬಿಸಿಲಿಗೆ ಬರೆದದ್ದು. ಅದರ ಪ್ರಕಾರ ಹಾಕಿಸಿದ ಮೊದಲ ಬೀಜವನ್ನು ಗುಬ್ಬಿಗಳು ತಿಂದವು, ಉಳಿದದ್ದನ್ನು ಮೃಗಶಿರಾ ಮಳೆ ಕೊಚ್ಚಿಕೊಂಡು ಹೋಯಿತು. ಆಮೇಲೆ ಯಾರೋ ಹೇಳಿ ಲಗಮವ್ವನನ್ನು ಕರೆಸಿದರು.

ಲಗಮವ್ವ ವಿಜಾಪುರದ ಕಡೆಯವಳು. ಕಾಲುವೆಯ ದಂಡೆಯ ಮೇಲೆ ಗೋಣಿತಟ್ಟಿನ ಗುಡಿಸಲಿನಲ್ಲಿ ಒಬ್ಬಳೇ ಇರುತ್ತಿದ್ದಳು. ಒಣಗಿದ ಮೈ, ಕುಂಕುಮವಿಲ್ಲದ ದೊಡ್ಡ ಹಣೆ, ಚೂಪಾದ ನಾಲಿಗೆ. ಕ್ಯಾಂಪಿನ ಬಂಗಲೆಗಳಲ್ಲಿ ಕಳೆ ತೆಗೆದು ಕೈ ಪಳಗಿತ್ತು. ಪುಣೆಯಲ್ಲಿ ಕನ್ನಡ ಮಾತಾಡುವ ಕೆಲಸದವಳು ಸಿಕ್ಕಳೆಂದೇ ಅವ್ವನಿಗೆ ಅರ್ಧ ಸಂತೋಷ. ಅಪ್ಪ ಪುಸ್ತಕ ತೆಗೆದು ಓದಿ ಹೇಳಿದರು. ಅವಳು ಸೆರಗಿನ ತುದಿ ಹಲ್ಲಿನಲ್ಲಿ ಹಿಡಿದು ಕೇಳಿಸಿಕೊಂಡು, ಪುಸ್ತಕ ಒಳಗೆ ಇಟ್ಟು ಬರ್ರಿ ರಾಯರ, ತೊಯ್ಯತದ ಎಂಬಂಥ ಏನೋ ಒಂದು ಮಾತು ಹೇಳಿದಳು.

ಅವಳು ಮಾಡಿದ ರೀತಿಯೇ ಬೇರೆ. ಕಾಲುವೆಯ ದಂಡೆಯಿಂದ ಬುಟ್ಟಿಗಟ್ಟಲೆ ಕರಕಿ ಕಿತ್ತು ತಂದಳು. ಗಣಪತಿಗೆ ಏರಿಸುವ ಅದೇ ಕರಕಿ, ಗರಿಕೆ. ಮರಾಠಿಯವರು ಹರಳಿ ಎನ್ನುತ್ತಾರೆ. ಅದನ್ನು ಬೇರು ಸಮೇತ ಬೆರಳಿನಷ್ಟುದ್ದ ಕತ್ತರಿಸಿ, ಸೆಗಣಿ, ಬೂದಿ, ಕೆಂಪು ಮಣ್ಣು ಸೇರಿಸಿ ನೀರು ಹಾಕಿ ಕಲಸಿ, ಅಗೆದು ಮಟ್ಟ ಮಾಡಿದ ನೆಲದ ಮೇಲೆ ಎರಡೂ ಕೈಯಿಂದ ಸಾರಿಸಿಬಿಟ್ಟಳು. ಅವ್ವ ಕಟ್ಟೆಯ ಮೇಲೆ ನಿಂತು ನೋಡಿ ನಕ್ಕಳು. "ಜನಾ ಹುಲ್ಲು ಬರಬಾರದಂತ ಅಂಗಳಾ ಸಾರಸ್ತಾರ. ನಮ್ಮ ಮನೀಯವರದು ಎಲ್ಲಾ ಉಲ್ಟಾ," ಎಂದಳು. ಹದಿನೈದು ದಿನಕ್ಕೆ ಆ ಸೆಗಣಿಯ ಹೊದಿಕೆಯಿಂದ ಹಸಿರು ಚುಕ್ಕೆಗಳು ಎದ್ದವು. ತಿಂಗಳಿಗೆ ನೆಲ ಕಾಣದಾಯಿತು. ಅವಳು ಕೂತುಕೊಂಡೇ ಕುಡಗೋಲಿನಿಂದ ಮೊದಲ ಕೊಯ್ಲು ಮಾಡಿದ ದಿನ ಮನೆಯೆಲ್ಲ ಹಸಿ ಹುಲ್ಲಿನ ವಾಸನೆ. ಅಪ್ಪ ಆ ಸಂಜೆ ಚಹದ ಕಪ್ಪು ಹಿಡಿದು ಬರಿಗಾಲಿನಲ್ಲಿ ಅದರ ಮೇಲೆ ಹಿಂದಕ್ಕೂ ಮುಂದಕ್ಕೂ ಓಡಾಡಿದರು.

ಹಿತ್ತಲ ಮೂಲೆಯಲ್ಲಿ ಗುದ್ದಲಿ, ಬುಟ್ಟಿ ಇಡಲು ಒಂದು ಸಣ್ಣ ಖೋಲಿ ಇತ್ತು. ಗಣಪತಿ ಹಬ್ಬದ ಹೊತ್ತಿಗೆ ಲಾನ್ ಗಟ್ಟಿಯಾಗಿ ನಿಂತರೆ ಆ ಖೋಲಿ ನಿನಗೇ, ಬೇಸಿಗೆಯಲ್ಲಿ ನೀರುಣಿಸಿಕೊಂಡು ವರ್ಷವಿಡೀ ಇಲ್ಲೇ ಇರು ಎಂದು ಅಪ್ಪ ಅವಳಿಗೆ ಮಾತು ಕೊಟ್ಟರು. ಆಮೇಲೆ ಅವಳು ದಿನವೂ ಕೆಲಸ ಮುಗಿಸಿ ಹೋಗುವಾಗ ಆ ಖೋಲಿಯ ಕಡೆ ಒಂದು ಸುತ್ತು ಹಾಕಿಯೇ ಹೋಗುತ್ತಿದ್ದಳು. ಹಂಚು ಸೋರುತ್ತದೆಯೇ ಎಂದು ಒಮ್ಮೆ ಮಳೆಯಲ್ಲಿ ಒಳಗೆ ನಿಂತು ತಲೆ ಎತ್ತಿ ನೋಡುತ್ತಿದ್ದದ್ದು ನನಗೆ ಕಂಡಿತ್ತು.

ಶ್ರಾವಣದಲ್ಲಿ ಜೇಕು ಬಂತು. ಕರಕಿಯ ನಡುವೆ ಅಲ್ಲಲ್ಲಿ ಹೊಳೆಯುವ, ಮೂರು ಮೂಲೆಯ ಕಡ್ಡಿಯ ಹುಲ್ಲು. ಬಿಟ್ಟರೆ ಲಾನನ್ನೇ ನುಂಗುತ್ತದೆ. ಮಣ್ಣಿನೊಳಗೆ ಅದಕ್ಕೊಂದು ಕರಿಯ ಗಡ್ಡೆ ಇರುತ್ತದೆ. ಅದನ್ನು ಖುರ್ಪಿಯಿಂದ ಕೆದಕಿ ತೆಗೆಯದಿದ್ದರೆ ಎಂಟು ದಿನಕ್ಕೆ ಮತ್ತೆ ಹಾಜರು. ಅದಕ್ಕೆ ಕರ್ಪೂರದಂಥ ಒಂದು ಘಾಟು. ಊಟಕ್ಕೆ ಕೂತಾಗಲೂ ನನ್ನ ಬೆರಳಿನಿಂದ ಹೋಗುತ್ತಿರಲಿಲ್ಲ. ನನ್ನ ಬೆರಳು ಎನ್ನಲು ಕಾರಣ, ಅಪ್ಪ ನನ್ನನ್ನೂ ಆ ಕೆಲಸಕ್ಕೆ ಹಚ್ಚಿದ್ದರು. ದಿನವೂ ಸಾಲೆ ಬಿಟ್ಟ ಮೇಲೆ ಲಗಮವ್ವನ ಕೈಕೆಳಗೆ ಒಂದು ಪಟ್ಟಿ ಜೇಕು ತೆಗೆಯಬೇಕು.

ಅದೇ ಹೊತ್ತಿಗೆ ಮಾರುತಿ ಗುಡಿಯ ಬಯಲಿನಲ್ಲಿ ಲೇಝಿಮ್ ಕುಣಿತದ ಅಭ್ಯಾಸ ನಡೆಯುತ್ತಿತ್ತು. ಗಣಪತಿಯ ಮೆರವಣಿಗೆಗೆ ಓಣಿಯ ಹುಡುಗರನ್ನೆಲ್ಲ ತಯಾರು ಮಾಡುತ್ತಿದ್ದರು. ನನಗೆ ಮುಂದಿನ ಸಾಲಿನಲ್ಲಿ ಜಾಗ ಸಿಕ್ಕಿತ್ತು. ಅಲ್ಲಿ ಹಲಗೆವಾದ್ಯದ ಪೆಟ್ಟು ಬಿದ್ದು ಲೇಝಿಮ್ಮಿನ ಬಿಲ್ಲೆಗಳು ಝಣ್ ಎಂದರೆ ಇಲ್ಲಿ ಮೊಣಕಾಲೂರಿ ಕೂತ ನನ್ನ ತೊಡೆಗಳು ತಾವಾಗಿಯೇ ಅಲುಗುತ್ತಿದ್ದವು. ಕೂತಲ್ಲಿ ಕೂಡಲಾಗುತ್ತಿರಲಿಲ್ಲ. ನಾನು ಖುರ್ಪಿ ಬದಿಗಿಟ್ಟು ಜೇಕಿನ ತಲೆಯನ್ನಷ್ಟೇ ಚಿವುಟಿ, ಮೇಲೆ ಮಣ್ಣು ಉಜ್ಜಿ ಮುಂದೆ ಸರಿಯುತ್ತಿದ್ದೆ. ನೋಡಲು ಪಟ್ಟಿ ಸ್ವಚ್ಛ.

ಲಗಮವ್ವ ಎರಡನೆಯ ದಿನವೇ ಹಿಡಿದಳು. "ಸಣ್ಣ ರಾಯರ, ನೀವು ಕಳೆ ತಗೀಲಿಕ್ಕ ಬಂದೀರೋ, ಹಜಾಮತಿ ಮಾಡಾಕ ಬಂದೀರೋ? ಗಡ್ಡಿ ಒಳಗ ಕುಂತು ನಗಾಕತ್ತೈತಿ," ಎಂದಳು. ಮತ್ತೆ ಮೊದಲಿನಿಂದ ತೆಗೆಸಿದಳು. ನಾನು ಬಯಲು ಮುಟ್ಟುವಷ್ಟರಲ್ಲಿ ಹಲಗೆ ಕಟ್ಟಿ ಒಳಗಿಟ್ಟಿದ್ದರು.

ಆದರೂ ಅವಳ ಮೇಲೆ ನನಗೆ ಸಿಟ್ಟಷ್ಟೇ ಇತ್ತು ಎಂದರೆ ಸುಳ್ಳಾಗುತ್ತದೆ. ಒಂದು ಮಧ್ಯಾಹ್ನ, ಸಾಲೆಗೆ ರಜೆ, ಮಳೆ ಧೋ ಎಂದು ಬಂತು. ಇಬ್ಬರೂ ಓಡಿ ಆ ಖೋಲಿಯೊಳಗೆ ನಿಂತೆವು. ಅವಳು ಗಂಟು ಬಿಚ್ಚಿ ಜೋಳದ ರೊಟ್ಟಿ, ಕೆಂಪು ಖಾರ, ಒಂದು ಉಳ್ಳಾಗಡ್ಡಿ ತೆಗೆದಳು. ಅವ್ವ ಮಡಿಯಲ್ಲಿದ್ದಳು, ಊಟಕ್ಕೆ ಇನ್ನೂ ತಡ. ಆ ಖಾರದ ಬೆಳ್ಳುಳ್ಳಿ ವಾಸನೆಗೆ ನನ್ನ ಬಾಯಲ್ಲಿ ನೀರು ನಿಲ್ಲಲಿಲ್ಲ. ನನಗೂ ಕೊಡು ಎಂದು ಗಂಟುಬಿದ್ದೆ. ಬ್ಯಾಡ ಎಂದಳು. ಯಾಕೆ ಎಂದೆ. ನಾ ಯಾವ ಕೇರಿಯಾಕಿ ಅಂತ ನಿಮಗ ಗೊತ್ತಿಲ್ಲ ಎಂದಳು. ಯಾವ ಕೇರಿ ಎಂದು ಕೇಳಿದೆ. ಅವಳು ಮಳೆಯ ಕಡೆ ನೋಡುತ್ತ ಹೇಳಿದಳು. ಆ ಹೆಸರನ್ನು ನಾನು ಇಲ್ಲಿ ಬರೆಯುವುದಿಲ್ಲ. ಒಮ್ಮೆ ಬಾಯಿಬಿಟ್ಟು ಹೇಳಿದ್ದೇ ಸಾಕು.

ಆ ಹೆಸರಿನ ಅರ್ಥ ನನಗೆ ಚೆನ್ನಾಗಿ ಗೊತ್ತಿತ್ತು. ಆದರೂ ಹಸಿವು, ಮಳೆ, ಆ ಖಾರ. ನಾನೇ ಕೈ ಚಾಚಿ ಒಂದು ತುಂಡು ಮುರಿದುಕೊಂಡು ತಿಂದೆ. ಅವಳು ತಡೆಯಲಿಲ್ಲ. ಗಂಟು ಕಟ್ಟುತ್ತ ಹೇಳಿದಳು.

"ರಾಯರು ಕೇಳಲಿಲ್ಲ, ನಾ ಹೇಳಲಿಲ್ಲ. ಈ ಖೋಲಿ ಸಿಗೂತನಕ ನೀವೂ ಸುಮ್ನಿರ್ರಿ."

"ಗಣಪತಿ ಆಣಿ, ಹೇಳೂದಿಲ್ಲ."

"ಅಂವನ್ನ ಯಾಕ ನಡುವ ಎಳೀತೀರಿ. ಆತು ಅನ್ರಿ, ಸಾಕು."

ಆತು ಎಂದೆ.

ಚೌತಿಗೆ ನಾಲ್ಕು ದಿನ ಉಳಿದಿರುವಾಗ ಅಪ್ಪ ಲಾನ್ ನೋಡಲು ಬಂದರು. ನನ್ನ ಪಟ್ಟಿಯಲ್ಲಿ ಮತ್ತೆ ಜೇಕು ಎದ್ದು ನಿಂತಿತ್ತು. ಕಣ್ಣು ತಪ್ಪಿಸಿ ನಾನು ಮೊದಲಿನ ರೀತಿಯನ್ನೇ ಮುಂದುವರಿಸಿದ್ದೆ. ಇದು ಯಾರ ಕೆಲಸ ಎಂದು ಅಪ್ಪ ಕೇಳಿದರು. ಲಗಮವ್ವ ಮುಚ್ಚುಮರೆಯಿಲ್ಲದೆ ನನ್ನ ಕಡೆ ತೋರಿಸಿದಳು. ಹಬ್ಬ ಮುಗಿಯುವ ತನಕ ಲೇಝಿಮ್ ಇಲ್ಲ ಎಂದು ಅಪ್ಪ ತೀರ್ಪು ಕೊಟ್ಟರು. ಮರುದಿನ ನನ್ನ ಜಾಗಕ್ಕೆ ಬೇರೆ ಹುಡುಗ ಬಂದ. ನಾನು ಮೊಣಕಾಲೂರಿ ಗಡ್ಡೆ ಕೆದಕುತ್ತ, ಬಯಲಿನ ಝಣ್ ಝಣ್ ಕೇಳುತ್ತ, ಕುದಿಯುತ್ತಿದ್ದೆ. ಪಕ್ಕದಲ್ಲಿ ಅವಳು ತನ್ನ ಪಾಡಿಗೆ ಕೆಲಸ ಮಾಡುತ್ತಿದ್ದಳು. ಅದನ್ನೇ ನನಗೆ ತಡೆಯಲಾಗಲಿಲ್ಲ.

ಚೌತಿಯ ಹಿಂದಿನ ದಿನ ಲಗಮವ್ವ ಕೆಲಸಕ್ಕೆ ಬರಲಿಲ್ಲ. ಬೆಳಿಗ್ಗೆ ನೆರೆಮನೆಯ ಗೋದಾಕಾಕು ತಾಮ್ರದ ತಟ್ಟೆ ಹಿಡಿದು ಬಂದರು. ಅವ್ವ ಓಣಿಯವರಿಗೆಲ್ಲ ನಮ್ಮ ಅಂಗಳದ ಕರಕಿ ಒಯ್ಯಲು ಹೇಳಿದ್ದಳು. ಕಾಕು ಬಗ್ಗಿ ಮೂರು ಎಸಳಿನ ಕುಡಿಗಳನ್ನು ಆರಿಸುತ್ತ, ಇಷ್ಟು ಮೆತ್ತನೆಯ ಹರಳಿ ಮಂಡಯಿ ಪೇಟೆಯಲ್ಲೂ ಸಿಗುವುದಿಲ್ಲ, ಯಾರ ಕೈಗುಣವೋ ಎಂದು ಮರಾಠಿಯಲ್ಲಿ ಸುಮ್ಮನೆ ಕೇಳಿದರು. ಅವರಿಗೆ ಉತ್ತರ ಬೇಕಾಗಿರಲಿಲ್ಲ. ನಾನು ಕೊಟ್ಟೆ. ಲಗಮವ್ವನ ಕೈ ಎಂದೆ. ಅಷ್ಟಕ್ಕೇ ನಿಲ್ಲದೆ, ಅವಳ ಕೇರಿಯ ಹೆಸರನ್ನೂ ಹೇಳಿದೆ.

ಕಾಕು ಮುಷ್ಟಿ ಬಿಚ್ಚಿದರು. ಕರಕಿ ಕೆಳಗೆ ಬಿತ್ತು. ನಳದ ಹತ್ತಿರ ಹೋಗಿ ತಟ್ಟೆ ತೊಳೆದು, ಕೈ ತೊಳೆದು ಮನೆಗೆ ಹೋದರು. ಅವಳಿಗೆ ಬೈಗುಳ ಬೀಳಲಿ ಎಂದಷ್ಟೇ ನಾನು ಬಯಸಿದ್ದೆ. ಇಷ್ಟು ನಿಶ್ಶಬ್ದವಾಗಿ ಇಷ್ಟು ದೊಡ್ಡದಾಗಿ ಏನೋ ಆಗುತ್ತದೆ ಎಂದು ತಿಳಿದಿರಲಿಲ್ಲ. ಮಧ್ಯಾಹ್ನದವರೆಗೂ ಮತ್ತೆ ಯಾರೂ ತಟ್ಟೆ ಹಿಡಿದು ಬರಲಿಲ್ಲ. ಅಷ್ಟರಲ್ಲಿ ಸುದ್ದಿ ಓಣಿಯಲ್ಲಿ ಹರಡಿ ಅವ್ವನ ಕಿವಿಗೂ ಬಿದ್ದಿತ್ತು. ಅವ್ವ ದೇವರ ಕೋಣೆಯಲ್ಲಿ ತೊಳೆದಿಟ್ಟಿದ್ದ ಕರಕಿಯನ್ನೆಲ್ಲ ಎತ್ತಿ ಹಿತ್ತಲಿಗೆ ಹಾಕಿ, ಮಂಡಯಿಯಿಂದ ತರಲು ಆಳು ಕಳಿಸಿದಳು.

ಸಂಜೆ ಅಪ್ಪ ಬಂದ ಮೇಲೆ ಪಡಸಾಲೆಯಲ್ಲಿ ಮಾತು ನಡೆಯಿತು. ನಾನು ಬಾಗಿಲ ಹಿಂದಿದ್ದೆ. ಅಪ್ಪ ಹೊರಗಿನವರ ಮುಂದೆ ಸುಧಾರಣೆಯ ಮಾತಾಡುವವರು.

"ಹುಲ್ಲಿಗೆ ಎಂಥಾ ಜಾತಿ?" ಎಂದರು.

"ಹುಲ್ಲಿಗಿಲ್ಲ. ನಾವಿರೋ ಓಣಿಗೆ ಅದ," ಎಂದಳು ಅವ್ವ. "ನಾಳೆ ನಮ್ಮ ಗಣಪತಿ ನೋಡ್ಲಿಕ್ಕೆ ಒಂದ ಹೆಣ್ಣುಮಗಳು ಬರೂದಿಲ್ಲ, ನೋಡ್ತಿರ್ರಿ."

ಅಪ್ಪ ಕನ್ನಡಕ ತೆಗೆದು ಒರೆಸಿದರು. ಹಾಕಿಕೊಂಡರು. ಮತ್ತೆ ತೆಗೆದರು. ಯಾರು ಹೇಳಿದ್ದು ಎಂದು ಮಾತ್ರ ಇಬ್ಬರೂ ನನ್ನನ್ನು ಕೇಳಲಿಲ್ಲ. ಗೋದಾಕಾಕುಗೆ ಹೇಗೋ ತಿಳಿದಿದೆ ಎಂದುಕೊಂಡರು.

ಚೌತಿಯ ಬೆಳಿಗ್ಗೆ ಲಗಮವ್ವ ಎಂದಿನ ಹೊತ್ತಿಗೇ ಬಂದಳು. ಅಂದು ತಲೆಗೆ ಎಣ್ಣೆ ಹಚ್ಚಿ ಬಾಚಿದ್ದಳು. ಅಪ್ಪ ಕಟ್ಟೆಯ ಮೇಲಿಂದಲೇ, ಇನ್ನು ಮಳೆ ಮುಗಿಯಿತು, ಕೆಲಸ ಇಲ್ಲ ಎಂದರು. ಆಗ ಸಣ್ಣಗೆ ಮಳೆ ಹನಿಯುತ್ತಿತ್ತು. ಅವಳು ಅಪ್ಪನ ಮುಖ ನೋಡಿದಳು, ಹಿತ್ತಲ ಕಡೆ ನೋಡಿದಳು. ಖೋಲಿಯ ಮಾತು ಎತ್ತಲಿಲ್ಲ. ಆಗಲಿ ರಾಯರ ಎಂದಳು. ಅಪ್ಪ ಅವಸರದಿಂದ ಒಳಗೆ ಹೋದರು.

ನಾನು ಪಾರಿಜಾತದ ಕೆಳಗೆ ನಿಂತಿದ್ದೆ. ಅವಳು ಹತ್ತಿರ ಬಂದಳು.

"ಸಣ್ಣ ರಾಯರ, ನೀವು ಹೇಳಿದ್ರೇನ್ರಿ?"

"ಇಲ್ಲ."

ಅವಳು ನನ್ನನ್ನೇ ನೋಡುತ್ತ ನಿಂತಳು. ನಾನು ಇನ್ನೊಂದು ಉತ್ತರ ಕೊಡಲು ಎಷ್ಟು ಸಮಯ ಬೇಕೋ ಅಷ್ಟು ಸಮಯ ಕೊಟ್ಟಳು ಎಂದು ಈಗ ಅನಿಸುತ್ತದೆ. ನಾನು ಕೊಡಲಿಲ್ಲ.

"ರೊಟ್ಟಿ ತಿಂದದ್ದು ಯಾರಿಗೂ ಗೊತ್ತಿಲ್ಲಲ್ಲ?" ಎಂದಳು ತಗ್ಗಿದ ದನಿಯಲ್ಲಿ. "ಚಲೋ ಆತು. ಅದನ್ನ ನಾನೂ ಹೇಳೂದಿಲ್ಲ."

ಮೂಲೆಯಲ್ಲಿ ಬಿಟ್ಟಿದ್ದ ತನ್ನ ಖುರ್ಪಿ ತೆಗೆದು ಸೊಂಟಕ್ಕೆ ಸಿಗಿಸಿಕೊಂಡು ಹೋದಳು. ಅವಳು ಆ ಒಂದು ಮಾತನ್ನು ಕಟ್ಟೆಯ ಮುಂದೆ ನಿಂತು ಹೇಳಿದ್ದರೆ ನನಗೆ ಪಂಚಗವ್ಯ ಕುಡಿಸುತ್ತಿದ್ದರು, ಓಣಿಯೆಲ್ಲ ಆಡಿಕೊಳ್ಳುತ್ತಿತ್ತು. ಹೇಳಲಿಲ್ಲ. ನಾನು ಅವಳ ಗುಟ್ಟು ಮಾರಿದ್ದರೂ ಅವಳು ನನ್ನ ಗುಟ್ಟನ್ನು ಕಾಯ್ದುಕೊಂಡು ಹೋದಳು.

ಆ ವರ್ಷ ಶಿಕ್ಷೆ ಸಡಿಲಾಗಿ ನಾನು ಮೆರವಣಿಗೆಯಲ್ಲಿ ಲೇಝಿಮ್ ಆಡಿದೆ. ಹಿಂದಿನ ಸಾಲು. ಹೆಜ್ಜೆ ಒಂದೂ ಕೂಡಲಿಲ್ಲ. ಲಾನ್ ನೋಡಿಕೊಳ್ಳಲು ಅಪ್ಪ ಮೂವರನ್ನು ಇಟ್ಟು ನೋಡಿದರು. ಮುಂದಿನ ಮಳೆಗೆ ಅದು ಮುಕ್ಕಾಲು ಪಾಲು ಜೇಕು. ಅದರ ಮುಂದಿನ ವರ್ಷ ಶಹಾಬಾದ್ ಕಲ್ಲು ಹಾಸಿಸಿದರು. ಪುಸ್ತಕವನ್ನು ಯಾರಿಗೋ ಕೊಟ್ಟರು.

ಮೆಟ್ರಿಕ್ ಮುಗಿಸಿ ನೌಕರಿಗೆ ಸೇರಿದ ಮೇಲೆ ಒಂದು ಭಾನುವಾರ ಕಾಲುವೆಯ ದಂಡೆಯುದ್ದಕ್ಕೂ ಕೇಳುತ್ತ ನಡೆದೆ. ವಿಜಾಪುರದ ಕಡೆಯ ಲಗಮವ್ವ ಎಂದರೆ ಯಾರಿಗೆ ಗೊತ್ತಾಗಬೇಕು? ಊರು ಯಾವುದು ಎಂದು ಕೇಳಿದರು. ನನಗೆ ಗೊತ್ತಿರಲಿಲ್ಲ. ಒಂದು ತಿಂಗಳು ಪಕ್ಕದಲ್ಲಿ ಕೂತಿದ್ದರೂ ಕೇಳಿರಲಿಲ್ಲ. ಅವಳ ಬಗ್ಗೆ ನಾನು ಕೇಳಿ ತಿಳಿದದ್ದು ಒಂದೇ ಸಂಗತಿ.

ಈಗ ನನ್ನ ವಯಸ್ಸಿನವರು ಸೇರಿದರೆ ಹಳೆಯ ಪುಣೆ ಹೋಯಿತು ಎನ್ನುತ್ತಾರೆ. ಟಾಂಗಾ ಹೋಯಿತು, ಮುಠಾ ನದಿಯ ತಿಳಿನೀರು ಹೋಯಿತು, ಅಂಗಳವಿದ್ದ ಮನೆಗಳು ಹೋದವು. ನಾನೂ ತಲೆಯಾಡಿಸುತ್ತೇನೆ. ನಮ್ಮ ಕಟ್ಟಡದ ಕೆಳಗೆ ಈಗ ದೊಡ್ಡ ಲಾನ್ ಇದೆ. ಬೆನ್ನಿಗೆ ಡಬ್ಬಿ ಕಟ್ಟಿಕೊಂಡ ಒಬ್ಬ ತಿಂಗಳಿಗೊಮ್ಮೆ ಬಂದು ಔಷಧ ಹೊಡೆಯುತ್ತಾನೆ, ಜೇಕು ತಾನಾಗಿ ಒಣಗುತ್ತದೆ. ಅವನ ಹೆಸರನ್ನು ಮತ್ತು ಊರನ್ನು ನಾನು ಮೊದಲ ದಿನವೇ ಕೇಳಿಕೊಂಡೆ. ಅಷ್ಟರಿಂದ ಏನೂ ಸರಿಹೋಗುವುದಿಲ್ಲ ಎಂಬುದೂ ನನಗೆ ಗೊತ್ತು.

ಅಪ್ಪ ತೀರಿಕೊಂಡ ಮೇಲೆ ಎರಂಡವಣೆಯ ಮನೆ ಮಾರಿದೆವು. ಸಾಮಾನು ತೆಗೆಯುವಾಗ ಹಿತ್ತಲ ಖೋಲಿಯನ್ನು ನಾನೇ ಖಾಲಿ ಮಾಡಿದೆ. ಮುರಿದ ಕುರ್ಚಿಗಳು, ಹರಿದ ಚಾಪೆ. ಅವನ್ನೆಲ್ಲ ಹೊರಗೆ ಹಾಕಿದಾಗ ಗೋಡೆಯ ಬುಡದಲ್ಲಿ ಗಾರೆಯಿಂದ ಕಟ್ಟಿದ ಒಂದು ಒಲೆ ಕಂಡಿತು. ಮೇಲೆ ಹೊಗೆ ಹೋಗಲು ಕಿಂಡಿ. ಆ ಚೌತಿಯ ನಂತರ ನಾನು ಆ ಖೋಲಿಯೊಳಗೆ ಕಾಲಿಟ್ಟಿರಲಿಲ್ಲ, ಅದನ್ನು ನೋಡಿಯೇ ಇರಲಿಲ್ಲ. ಅವ್ವನನ್ನು ಕರೆದು ಕೇಳಿದೆ.

"ಲಗಮವ್ವಗ ಕಟ್ಟಿಸಿದ್ದು," ಎಂದಳು. "ಚೌತಿಗೆ ಎರಡು ದಿನಾ ಇತ್ತು. ನೀ ಸಾಲಿಗೆ ಹೋಗಿದ್ದಿ, ಗೌಂಡಿ ಬಂದು ಕಟ್ಟಿ ಹೋದ."

ಅವ್ವ ಒಳಗೆ ಹೋದಳು. ನಾನು ಕುಕ್ಕರುಗಾಲಿನಲ್ಲಿ ಕೂತು ಒಲೆಯೊಳಗೆ ಕೈ ಹಾಕಿ, ಗೋಡೆಗಳನ್ನು ಸುತ್ತಲೂ ಸವರಿ ಹೊರಗೆ ತೆಗೆದು ನೋಡಿದೆ. ಬೆರಳಿಗೆ ಮಸಿ ಹತ್ತಿರಲಿಲ್ಲ.