ಮುನಿರಾಜು ಗರಗಸ ಹಿಡಿದದ್ದು

ಮುನಿರಾಜುವನ್ನು ನಾನು ಮೊದಲು ನೋಡಿದಾಗ ಅವನಿಗೆ ಆನೆಯ ತಲೆಯಿತ್ತು. ಚೆನ್ನೈನ ವೇಲಚೇರಿಯ ನಮ್ಮ ಗಲ್ಲಿಯಲ್ಲಿ ಎರಡು ಬಡಕಲು ಕಾಲು ನಡೆದುಕೊಂಡು ಬರುತ್ತಿದ್ದವು. ಮೇಲೆ ಸೊಂಡಿಲು, ಕಿವಿ, ದಂತ ಎಲ್ಲ. ಗೇಟಿನ ಹತ್ತಿರ ನಿಂತು ಆ ತಲೆಯೊಳಗಿನಿಂದಲೇ, ಕೆಳಗಿನ ಮನೆ ಬಾಡಿಗೆಗೆ ಇದೆಯಂತೆ ಹೌದೇ ಎಂದು ಕೇಳಿದ. ತಲೆ ತೆಗೆದು ಮಾತಾಡು ಎಂದೆ. ತೆಗೆದ. ಒಳಗಿದ್ದ ಮುಖ ಆನೆಯದ್ದಕ್ಕಿಂತ ಚೆನ್ನಾಗೇನೂ ಇರಲಿಲ್ಲ.

ಕಲ್ಯಾಣ ಮಂಟಪಗಳ ಬಾಗಿಲಿಗೆ ನಿಲ್ಲಿಸುವ ಆನೆ, ಕುದುರೆ, ಕಂಬಗಳನ್ನು ಫೈಬರಿನಲ್ಲಿ ಮಾಡುವುದು ಅವನ ಕಸುಬು. ಹೊಸೂರು ಕಡೆಯವನು, ಕನ್ನಡ ಬರುತ್ತಿತ್ತು. ಅದಕ್ಕೇ ಮನೆ ಕೊಟ್ಟೆ ಎಂದು ಜನ ತಿಳಿದರು. ಅದಲ್ಲ. ಮಳೆ ಹಿಡಿದರೆ ಕೆಳಗಿನ ಮನೆಗೆ ಮೊಣಕಾಲುದ್ದ ನೀರು ಬರುತ್ತದೆ, ಬೇರೆ ಯಾರೂ ಬರುತ್ತಿರಲಿಲ್ಲ. ಅವನ ಆನೆಗಳು ತೇಲುತ್ತಿದ್ದವು.

ಅವನ ಕಿವಿ ಅರ್ಧ ಹೋಗಿತ್ತು. ದಿನವಿಡೀ ಉಜ್ಜುವ ಯಂತ್ರದ ಪಕ್ಕ ಕುಳಿತರೆ ಇನ್ನೇನಾಗುತ್ತದೆ. ಹಾಗಾಗಿ ಗುಟ್ಟನ್ನೂ ಕೂಗಿಯೇ ಹೇಳುತ್ತಿದ್ದ. ಧೂಳು ಕುಡಿಯಬೇಡ, ಮೂಗಿಗೆ ಬಟ್ಟೆ ಕಟ್ಟಿಕೋ ಎಂದರೆ, ಕಟ್ಟಿಕೊಂಡು ಬೀಡಿ ಹೇಗೆ ಸೇದುವುದು ಎಂದು ಬೀದಿಗೆಲ್ಲ ಕೇಳುವಂತೆ ಕೇಳುತ್ತಿದ್ದ. ಅವನು ಕಲಸುವ ರೆಸಿನ್ ಎಂಬ ಅಂಟಿನ ವಾಸನೆ ಮೆಟ್ಟಿಲು ಹತ್ತಿ ಬಂದು ನನ್ನ ಸಾರಿಗೂ ಸೇರುತ್ತಿತ್ತು. ಒಂದು ದಿನ ಆ ಸಾರನ್ನು ಬಟ್ಟಲಲ್ಲಿ ತೆಗೆದುಕೊಂಡು ಹೋಗಿ, ನೀನೇ ಕುಡಿ ಎಂದು ಮುಂದಿಟ್ಟೆ. ಪೂರ್ತಿ ಕುಡಿದು, ಉಪ್ಪು ಕಮ್ಮಿ ಎಂದ.

ಜಂಬವೂ ಬಹಳ. ಅವನ ಅಚ್ಚುಗಳೆಲ್ಲ ಗೋಡೆಗೆ ತೂಗುತ್ತಿದ್ದವು. ಕುದುರೆಯ ಪಕ್ಕೆ, ನವಿಲಿನ ಬೆನ್ನು, ಎಲ್ಲವೂ ಒಳಗೆ ಹಳ್ಳ, ಹೊರಗೆ ಉಬ್ಬು. ಒಂದಕ್ಕಾದರೂ ಬಿರುಕು ತೋರಿಸಿ ನೋಡೋಣ ಎಂದು ಬಂದವರಿಗೆಲ್ಲ ಸವಾಲು ಹಾಕುತ್ತಿದ್ದ. ಮೊದಲು ಮಣ್ಣಿನಲ್ಲಿ ಆನೆ ಮಾಡುತ್ತಿದ್ದ. ಅದರ ಮೇಲೆ ಫೈಬರ್ ಬಟ್ಟೆ ಹಾಸಿ ರೆಸಿನ್ ಬಳಿಯುತ್ತಿದ್ದ. ಅದು ಕಲ್ಲಾದ ಮೇಲೆ ಒಳಗಿನ ಮಣ್ಣನ್ನು ಚುಚ್ಚಿ, ಕೆರೆದು, ಮುದ್ದೆ ಮುದ್ದೆಯಾಗಿ ಎಳೆದು ಹಾಕುತ್ತಿದ್ದ. ಉಳಿದ ಚಿಪ್ಪೇ ಅಚ್ಚು. ಅಷ್ಟು ಚೆಂದದ ಮಣ್ಣಿನ ಆನೆ ಕೆಸರಾಗುತ್ತಿತ್ತು. ಅಯ್ಯೋ ಎಂದರೆ, “ಒಳಗಿರೋದು ಹೋಗ್ಲಿ ಬುಡಕ್ಕಾ, ಹೊರಗಿಂದು ನಮ್ದು” ಎನ್ನುತ್ತಿದ್ದ. ನನ್ನ ಗರ್ಭಕೋಶ ತೆಗೆದಾಗ ಆಸ್ಪತ್ರೆಗೆ ಬಂದು, ಇಡೀ ವಾರ್ಡಿಗೆ ಕೇಳುವ ಹಾಗೆ ಇದೇ ಮಾತು ಹೇಳಿದ ಮನುಷ್ಯ ಅವನು.

ನನ್ನ ಮಗಳ ಮಗಳು ನಂದಿನಿ ಬೈಕ್ ರೇಸಿಗೆ ಹೋಗುತ್ತಾಳೆ. ಅವಳ ಅಮ್ಮನಿಗೆ ಇಷ್ಟವಿಲ್ಲ. ನಾನು ಅಡ್ಡ ಹೇಳಲಿಲ್ಲ, ಹೇಳಿದರೆ ಕೇಳುವವಳೂ ಅಲ್ಲ. ಒಂದು ಸಲ ತಿರುವಿನಲ್ಲಿ ಬಿದ್ದಳು. ಬೈಕು ಮಗ್ಗುಲಾಗಿ ಉಜ್ಜಿಕೊಂಡು ಹೋಗಿ, ಇಂಜಿನ್ನಿನ ಪಕ್ಕದ ಲೋಹದ ಮುಚ್ಚಳ ಸವೆದು ತೂತಾಗಿ, ದಾರಿಗೆಲ್ಲ ಎಣ್ಣೆ ಚೆಲ್ಲಿತು. ಹಿಂದೆ ಬಂದ ಹುಡುಗ ಆ ಎಣ್ಣೆಯ ಮೇಲೆ ಜಾರಿ ಹೆಗಲ ಮೂಳೆ ಮುರಿದುಕೊಂಡ. ಮುಚ್ಚಳದ ಮೇಲೆ ಇನ್ನೊಂದು ಗಟ್ಟಿ ಕವರು ಹಾಕಿಕೊಂಡು ಬಾ, ಇಲ್ಲದಿದ್ದರೆ ಬರಬೇಡ ಎಂದರು ರೇಸಿನವರು.

ಅದು ಹಳೇ ಬೈಕು. ಕಂಪನಿಯವರು ಮಾಡುವುದನ್ನೇ ನಿಲ್ಲಿಸಿದ್ದರು. ಅದಕ್ಕೆ ಕವರು ಯಾವ ಅಂಗಡಿಯಲ್ಲೂ ಇಲ್ಲ. ಒಡೆದ ಮುಚ್ಚಳಕ್ಕೆ ಬದಲು ಒಂದನ್ನು ಗುಜರಿಯಲ್ಲಿ ಹುಡುಕಿ ತಂದಿದ್ದಳು, ಇನ್ನೊಂದು ಸಿಗುವ ಹಾಗಿರಲಿಲ್ಲ. ಶನಿವಾರ ಬೈಕಿನ ತಪಾಸಣೆ. ಈ ರೇಸು ತಪ್ಪಿದರೆ ತಂಡದಲ್ಲಿ ಅವಳ ಜಾಗಕ್ಕೆ ಬೇರೆ ಹುಡುಗಿ ಕಾಯುತ್ತಿದ್ದಳು. ಮುಚ್ಚಳ ಬಿಚ್ಚಿಕೊಂಡು ಬಂದು ಮುನಿರಾಜುವಿನ ಮುಂದಿಟ್ಟಳು. ಇದಕ್ಕೆ ಅಚ್ಚು ತೆಗೆದು, ಆ ಅಚ್ಚಿನಲ್ಲಿ ಫೈಬರಿಗಿಂತ ಗಟ್ಟಿಯಾದ ಕಾರ್ಬನ್ ಬಟ್ಟೆಯ ಕವರು ಮಾಡಿಕೊಡಿ ಎಂದಳು. ಆನೆ ಮಾಡಿದವನಿಗೆ ಇದು ಯಾವ ಮಹಾ ಎಂದ.

ಹೊಸ ಕವರು ಮುಚ್ಚಳದ ಮೇಲೆ ಕೂರಬೇಕಲ್ಲ, ಅಷ್ಟು ದಪ್ಪಕ್ಕೆ ಮೇಣದ ಹಾಳೆ ಹೊದಿಸಿದ. ಅದರ ಮೇಲೆ ಬಟ್ಟೆ, ರೆಸಿನ್, ಮತ್ತೆ ಬಟ್ಟೆ. ಒಣಗಲು ಬಿಟ್ಟ. ಗುರುವಾರ ಮಧ್ಯಾಹ್ನ ಬಿಡಿಸಲು ಕುಳಿತ. ಬರಲಿಲ್ಲ.

ಆ ಮುಚ್ಚಳಕ್ಕೆ ಕೆಳಗಡೆ ಹೊಟ್ಟೆಯಿತ್ತು. ಅಚ್ಚು ಆ ಹೊಟ್ಟೆಯನ್ನು ಸುತ್ತಿಕೊಂಡು ಕೆಳಗಿನಿಂದ ಹಿಡಿದುಬಿಟ್ಟಿತ್ತು. ಎರಡು ಭಾಗ ಮಾಡಿ ಹಾಕಬೇಕಿತ್ತು, ಒಂದೇ ಭಾಗ ಹಾಕಿದ್ದ. ಅವನ ಕೆಲಸದಲ್ಲಿ ಒಳಗಿನದು ಯಾವತ್ತೂ ಇಡಿಯಾಗಿ ಹೊರಗೆ ಬಂದದ್ದಿಲ್ಲ. ಬರಬೇಕು ಎಂಬ ಯೋಚನೆಯೇ ಅವನಿಗೆ ಬಂದಿರಲಿಲ್ಲ.

ಬಿಸಿನೀರು ಕೇಳಿದ. ಮೇಲಿನಿಂದ ಹೊತ್ತು ತಂದೆ. ಸುರಿದರೆ ಮೇಣ ಕರಗಿ ಹರಿದುಹೋಯಿತು, ಮುಚ್ಚಳ ಒಳಗೇ ಲೊಟಲೊಟ ಎಂದಿತೇ ಹೊರತು ಹೊರಗೆ ಬರಲಿಲ್ಲ. ಎಳೆದ, ತಿರುಚಿದ, ಬೆವರಿದ. ಆಮೇಲೆ ಕೈ ತಾನಾಗಿ ಸುತ್ತಿಗೆಗೆ ಹೋಯಿತು. ಎತ್ತಿದ್ದು ಅಚ್ಚಿನ ಮೇಲಲ್ಲ, ಮುಚ್ಚಳದ ಮೇಲೆ.

ನಂದಿನಿ ಅವನ ಮಣಿಕಟ್ಟು ಹಿಡಿದುಕೊಂಡಳು. “ವೇಣಾಂ, ಬೇಡ ಅಂಕಲ್. ಅದು ಒಡೆದ್ರೆ ನಂಗೆ ಬೈಕೇ ಇಲ್ಲ.”

ಅವನು ಸುತ್ತಿಗೆಯನ್ನೂ ಅವಳನ್ನೂ ನೋಡಿದ. ಆಗಲೇ ಅವನಿಗೆ ತಾನೇನು ಮಾಡಲು ಹೊರಟಿದ್ದೆ ಎಂದು ತಿಳಿದದ್ದು. ಸುತ್ತಿಗೆ ಕೆಳಗಿಟ್ಟ.

ಹಾಗಾದರೆ ಅಚ್ಚು ಒಡಿ ಎಂದೆ. ಒಡೆದರೆ ಕವರು ಯಾವುದರಲ್ಲಿ ಮಾಡುವುದು, ಹೊಸ ಅಚ್ಚಿಗೆ ಸಮಯವೆಲ್ಲಿದೆ ಎಂದ. ಕೊಯ್ದು ಎರಡು ಮಾಡು ಎಂದೆ. ಅವನು ಅಚ್ಚನ್ನು ತನ್ನ ಕಡೆಗೆ ಎಳೆದುಕೊಂಡ. ಕೂಗದೆ ಮಾತಾಡಿದ್ದನ್ನು ನಾನು ಕೇಳಿದ್ದು ಅದೇ ಮೊದಲು. “ನನ್ನ ಅಚ್ಚಿಗೆ ನಾನು ಗರಗಸ ಹಾಕ್ದೋನಲ್ಲಕ್ಕಾ” ಎಂದ, ಮೆಲ್ಲಗೆ.

“ನಿನ್ನ ಅಚ್ಚು ಗೋಡೆ ಮೇಲೆ ತೂಗಾಕೋಕಲ್ಲ ಕಣಯ್ಯ ಅವಳು ಬಂದಿರೋದು” ಎಂದೆ.

ಎದ್ದು ಹೊರಗೆ ಹೋದ. ಹೋದವನು ಬರುತ್ತಾನೋ ಇಲ್ಲವೋ ಎಂದು ನಂದಿನಿ ಗೇಟಿನ ಕಡೆಯೇ ನೋಡುತ್ತಿದ್ದಳು. ಬೀಡಿ ಮುಗಿಸಿ ಬಂದ. ಹ್ಯಾಕ್ಸಾ ಗರಗಸದ ಬ್ಲೇಡಿನ ಒಂದು ತುದಿಗೆ ಚಿಂದಿ ಸುತ್ತಿ ಕೈಯಲ್ಲಿ ಹಿಡಿದ. ಯಂತ್ರ ಬೇಡ, ಅದು ನಿಲ್ಲು ಎಂದರೆ ನಿಲ್ಲುವುದಿಲ್ಲ ಎಂದ.

ಮೇಣ ಹೋದ ಮೇಲೆ ಮುಚ್ಚಳ ಒಳಗೆ ಅಲುಗುತ್ತಿತ್ತಲ್ಲ, ಬ್ಲೇಡು ಇಳಿಯುವ ಕಡೆಗೆ ಅದು ಬಂದರೆ ಕೊಯ್ದುಹೋಗುತ್ತದೆ. ಯಾರಾದರೂ ಹಿಂದಿನಿಂದ ಅದನ್ನು ಬ್ಲೇಡಿನಿಂದ ದೂರ ಎಳೆದು ಹಿಡಿಯಬೇಕು. ನನ್ನಿಂದಾಗಲ್ಲ ಎಂದು ನಂದಿನಿ ಹಿಂದೆ ಸರಿದಳು. ನಾನು ಕುಳಿತೆ. ಅಚ್ಚನ್ನು ಎರಡು ಪಾದದ ನಡುವೆ ಒತ್ತಿ, ಮುಚ್ಚಳದ ಅಂಚನ್ನು ಎರಡು ಕೈಯಿಂದ ಎಳೆದು ಹಿಡಿದೆ. ನನಗೆ ಸಂಧಿವಾತ. ಅದನ್ನು ಅವನಿಗೆ ಹೇಳಲಿಲ್ಲ.

ತನ್ನ ಕಿವಿ ಮಂದ, ಲೋಹ ತಗುಲಿದರೆ ಶಬ್ದ ಬೇರೆ ಬರುತ್ತದೆ, ನೀವೇ ಹೇಳಬೇಕು ಎಂದ. ಕೊಯ್ಯತೊಡಗಿದ. ಗರಗರ ಎಂದು ಒಣ ಕೊಬ್ಬರಿ ತುರಿದ ಹಾಗೆ ಒಂದೇ ಶಬ್ದ. ಬಿಳಿ ಪುಡಿ ನನ್ನ ಸೀರೆಯ ಮೇಲೆಲ್ಲ ಬಿತ್ತು. ನಂದಿನಿ ನೋಡಲಾರದೆ ಗಲ್ಲಿಗೆ ಹೋಗಿ ನಿಂತಳು. ಒಂದು ಬದಿ ಮುಗಿಯಿತು. ತಿರುಗಿಸಿ ಹೊಟ್ಟೆಯ ಕಡೆ ಹಿಡಿದೆವು. ಅಲ್ಲಿ ಸಂದು ಕಿರಿದು, ಪಕ್ಕದಲ್ಲೇ ಎಣ್ಣೆ ನೋಡುವ ದುಂಡು ಗಾಜು. ನನ್ನ ಬೆರಳು ಮರಗಟ್ಟಿದವು. ಹಿಡಿದಿದ್ದೇನೋ ಬಿಟ್ಟಿದ್ದೇನೋ ನನಗೇ ಗೊತ್ತಾಗಲಿಲ್ಲ. ಆಗ ಗರಗರ ನಿಂತು ಕಿರ್ ಎಂದಿತು.

“ನಿಲ್ಲು” ಎಂದೆ.

ನಿಂತ. ಬ್ಲೇಡನ್ನು ಎಳೆಯಲೂ ಇಲ್ಲ, ಒತ್ತಲೂ ಇಲ್ಲ. ಹಣೆಯ ಬೆವರು ಅವನ ಮೂಗಿನ ತುದಿಯಿಂದ ಅಚ್ಚಿನ ಮೇಲೆ ತೊಟ್ಟಿಕ್ಕುತ್ತಿತ್ತು. ನಾನು ಹಲ್ಲು ಕಚ್ಚಿ ಇನ್ನಷ್ಟು ಎಳೆದೆ. ಅವನು ಬ್ಲೇಡು ತೆಗೆದು, ಓರೆಯಾಗಿಟ್ಟು, ಉಳಿದ ಚೂರನ್ನು ಉಗುರಿನಲ್ಲಿ ಗೀಚಿದ ಹಾಗೆ ಕೊಯ್ದ. ಅಚ್ಚು ಟಪ್ ಎಂದು ಎರಡಾಯಿತು. ಮುಚ್ಚಳ ನನ್ನ ಮಡಿಲಿಗೆ ಬಿತ್ತು. ಗಾಜಿನಿಂದ ಒಂದು ಬೆರಳಾಚೆ ಕೂದಲಿನಷ್ಟು ಗೀರು. ತೂತಿಲ್ಲ. ನಂದಿನಿಯನ್ನು ಕೂಗಿದೆ. ಅವಳು ಮುಚ್ಚಳ ನೋಡಿದಳು, ಮುನಿರಾಜು ಅದನ್ನು ನೋಡಲಿಲ್ಲ. ಎರಡು ಹೋಳನ್ನು ಎರಡು ಕೈಯಲ್ಲಿ ಹಿಡಿದುಕೊಂಡು ಕುಳಿತಿದ್ದ.

ಹೋಳುಗಳ ಅಂಚಿಗೆ ಪಟ್ಟಿ ಕಟ್ಟಿ, ಬೋಲ್ಟು ಹಾಕಿ ಮತ್ತೆ ಒಂದು ಮಾಡಿದ. ಅದರೊಳಗೆ ಕಾರ್ಬನ್ ಬಟ್ಟೆ ಹಾಸಿ ಕವರು ಮಾಡಿದ. ಕಪ್ಪಗೆ, ಗಟ್ಟಿಯಾಗಿ ಬಂತು. ನಡುವೆ ಮಾತ್ರ, ಹೋಳುಗಳು ಸೇರಿದ ಕಡೆ, ಸಣ್ಣ ಗೆರೆ ಎದ್ದಿತ್ತು. ಅದನ್ನು ಉಜ್ಜಿ ಕೊಡುತ್ತೇನೆ, ಹಾಗೇ ಒಯ್ಯಬೇಡಿ, ಮುನಿರಾಜು ಕೆಲಸ ಎಂದರೆ ಜನ ನಗುತ್ತಾರೆ ಎಂದ. ತಪಾಸಣೆಗೆ ಹೊತ್ತಾಗಿತ್ತು. ನಂದಿನಿ ಕಸಿದುಕೊಂಡು ಓಡಿದಳು. ಕವರು ಪಾಸಾಯಿತು. ರೇಸಿನಲ್ಲಿ ಗೆಲ್ಲಲಿಲ್ಲ, ಬಿದ್ದಳು. ಆದರೆ ಎಣ್ಣೆ ಚೆಲ್ಲಲಿಲ್ಲ, ಎದ್ದು ಬೈಕು ಎತ್ತಿ ಮತ್ತೆ ಓಡಿಸಿದಳು. ಜಾಗ ಉಳಿಯಿತು.

ಎರಡು ಮಳೆಗಾಲ ಕಳೆದ ಮೇಲೆ ಮುನಿರಾಜುವಿನ ಎದೆ ಕೆಟ್ಟಿತು. ಎಗ್ಮೋರ್ ಕಡೆಯ ಆಸ್ಪತ್ರೆಗೆ ಹೋಗಿ ನೋಡಿದೆ. ಮೂಗಿಗೆ ನಳಿಗೆ ಹಾಕಿದ್ದರು. ದನಿ ಕೇಳಬೇಕಾದರೆ ನಾನೇ ಬಗ್ಗಬೇಕಾಯಿತು. ಹುಡುಗಿ ಹೇಗಿದ್ದಾಳೆ ಎಂದು ಕೇಳಲಿಲ್ಲ. “ಆ ಗೆರೆ ಉಜ್ಜುದ್ರಾ ಅಕ್ಕಾ” ಎಂದ. ಇಲ್ಲ ಎಂದೆ. ಮುಖ ತಿರುಗಿಸಿಕೊಂಡ. ಆ ವಾರವೇ ಹೋದ.

ಕವರು ಸವೆದಾಗ ಅಚ್ಚನ್ನು ತಾಂಬರಂನಲ್ಲಿ ಇನ್ನೊಬ್ಬನಿಗೆ ಕೊಟ್ಟೆವು. ಹೊಸದನ್ನು ತರಲು ನಾನೇ ಹೋದೆ. ಕೈಯಾಡಿಸಿದೆ. ನುಣ್ಣಗಿತ್ತು. ಇಲ್ಲೊಂದು ಗೆರೆ ಇತ್ತಲ್ಲ ಎಂದು ಕೇಳಿದೆ. ಅದು ಅಚ್ಚಿನ ದೋಷ, ಉಜ್ಜಿ ತೆಗೆದೆ ಎಂದ. ಸುಳ್ಳೇನೂ ಹೇಳಲಿಲ್ಲ. ಕೆಲಸವೂ ಚೆನ್ನಾಗಿತ್ತು. ಅಚ್ಚು ಇಲ್ಲೇ ಇರಲಿ, ಮುಂದಕ್ಕೆ ಬೇಕಾಗುತ್ತದೆ ಎಂದ. ಬೇಡ ಎಂದೆ. ಅಚ್ಚನ್ನು ಮಡಿಲಲ್ಲಿಟ್ಟುಕೊಂಡು ಬಸ್ಸಿನಲ್ಲಿ ಬಂದೆ.