ನಾಲ್ಕನೆಯ ಎಲೆ

ಕಲ್ಯಾಣಿ ಅತ್ತಿಗೆಯಷ್ಟು ಸದ್ದಿಲ್ಲದ ಇನ್ನೊಬ್ಬ ಹೆಂಗಸನ್ನು ನಾನು ಸಾರಕ್ಕಿಯಲ್ಲಿ ಕಂಡಿಲ್ಲ. ಮದುವೆಯಾಗಿ ಬಂದಾಗ ಹೀಗಿರಲಿಲ್ಲ. ಯಡಿಯೂರಿನ ಹುಡುಗಿ, ನಕ್ಕರೆ ಬೀದಿ ತುದಿಯ ಹಾಲಿನ ಬೂತಿಗೆ ಕೇಳಿಸುತ್ತಿತ್ತು. "ಸೊಸೆಗೆ ಬಾಯಿ ಸ್ವಲ್ಪ ಜಾಸ್ತಿ ಆಯ್ತು" ಎಂದು ನಮ್ಮವ್ವ ತಿಮ್ಮಕ್ಕ ಗೊಣಗುತ್ತಿದ್ದಳು. ಅವ್ವ ಈಗಿಲ್ಲ, ಆ ಬಾಯಿಯೂ ಇಲ್ಲ.

ನನ್ನ ಅಣ್ಣ ಸಿದ್ದರಾಜು ಕೆಟ್ಟವನೇನಲ್ಲ. ಕುಡಿಯುವುದಿಲ್ಲ, ಹೆಂಡತಿಯ ಮೇಲೆ ಒಂದು ದಿನವೂ ಕೈ ಎತ್ತಿಲ್ಲ. ಅಪ್ಪನ ಹೊಲವಿದ್ದ ಜಾಗದಲ್ಲಿ ಈಗ ನಾಲ್ಕು ಅಂತಸ್ತಿನ ಬಾಡಿಗೆ ಮನೆಗಳಿವೆ. ಮೋಟರು, ನಲ್ಲಿ, ಲಿಫ್ಟು ಎಂದು ಅವನಿಗೆ ದಿನವಿಡೀ ಓಡಾಟ. ಹೊತ್ತು ಉಳಿದರೆ ಫೋನು. ಮಗಳು ಸಮನ್ವಿತಾ ಮೈಸೂರಿನ ಹಾಸ್ಟೆಲ್ಲಿಗೆ ಹೋದ ಮೇಲೆ ಮನೆಯಲ್ಲಿ ಇಬ್ಬರೇ. "ನಿಮ್ಮ ಮನೇಲಿ ಒಂದು ಜಗಳ ಕೂಡ ಕೇಳ್ಸಲ್ವಲ್ಲ ಆಂಟಿ, ಸೂಪರ್ ಜೋಡಿ" ಎಂದು ಬಾಡಿಗೆಯವರು ಹೊಗಳುತ್ತಾರೆ. ಜಗಳವಾಡಲು ಎರಡು ಬಾಯಿ ಬೇಕು ಎನ್ನುವುದು ಅವರಿಗೇನು ಗೊತ್ತು!

ಅತ್ತಿಗೆ ಒಮ್ಮೆ ನನ್ನ ಹತ್ತಿರ ಒಂದು ವಿಷಯ ಹೇಳಿಕೊಂಡಿದ್ದಳು. ಹನ್ನೊಂದು ವರ್ಷದ ಹಿಂದೆ ಒಂದು ದಿನ ಸಾರಿಗೆ ಉಪ್ಪು ಹಾಕುವುದನ್ನು ಮರೆತಳಂತೆ. ಅಣ್ಣ ಫೋನು ನೋಡುತ್ತಾ ಅದನ್ನೇ ಉಂಡು, ಕೈ ತೊಳೆದು ಎದ್ದು ಹೋದನಂತೆ. ಮರುದಿನ ಬೇಕೆಂದೇ ಉಪ್ಪು ಹಾಕಲಿಲ್ಲ. ಅದನ್ನೂ ಉಂಡ. ಮೂರನೆಯ ದಿನದಿಂದ ಅವಳು ಉಪ್ಪು ಹಾಕತೊಡಗಿದಳು, "ಹೆಂಗಿದೆ" ಎಂದು ಕೇಳುವುದನ್ನು ಬಿಟ್ಟಳು. ಈಗ ಊಟ ಮುಚ್ಚಿಟ್ಟು, 'ಊಟ ರೆಡಿ' ಎಂದು ವಾಟ್ಸಾಪ್ ಮಾಡಿ, ಕೋಣೆಗೆ ಹೋಗಿ ಬಾಗಿಲು ಹಾಕಿಕೊಳ್ಳುತ್ತಾಳೆ. ಅಣ್ಣ ಹೆಬ್ಬೆರಳಿನ ಚಿತ್ರ ಕಳಿಸುತ್ತಾನೆ. ಇಬ್ಬರೂ ಒಂದೇ ಮನೆಯಲ್ಲಿ ಇರುತ್ತಾರೆ, ನೆನಪಿರಲಿ.

ಈ ಸಲ ಮಹಾಲಯ ಅಮಾವಾಸ್ಯೆಗೆ ನಾನು ಬಿಳೇಕಹಳ್ಳಿಯಿಂದ ಬೆಳಿಗ್ಗೆಯೇ ಹೋದೆ. ಅಂದು ನಾವು ಹಿರಿಯರಿಗೆ ಎಡೆ ಇಡುತ್ತೇವೆ. ತೀರಿಕೊಂಡ ಒಬ್ಬೊಬ್ಬರಿಗೂ ಒಂದು ಬಾಳೆಲೆ, ಬದುಕಿದ್ದಾಗ ಅವರಿಗೆ ಇಷ್ಟವಾಗಿದ್ದ ಅಡುಗೆ, ಪಕ್ಕದಲ್ಲಿ ಹೊಸ ಬಟ್ಟೆ. ಧೂಪ ಹಾಕಿ, ಬಾಗಿಲು ಮುಚ್ಚಿ, ಎಲ್ಲರೂ ಹೊರಗೆ ನಿಲ್ಲಬೇಕು. ಹಿರಿಯರು ಬಂದು ಉಂಡು ಹೋಗಲು ಸ್ವಲ್ಪ ಹೊತ್ತು ಬಿಟ್ಟು, ಒಮ್ಮೆ ಕೆಮ್ಮಿ, ಬಾಗಿಲು ತೆಗೆಯಬೇಕು. ಧೂಪ ತೋರಿಸಿದ ಮೇಲೆ ಬಾಗಿಲು ತೆಗೆಯುವ ತನಕ ಎಲೆಯನ್ನು ಯಾರೂ ಮುಟ್ಟುವಂತಿಲ್ಲ. ಸತ್ತವರ ನಾಲಿಗೆಗೆ ಉಪ್ಪು ಹತ್ತುವುದಿಲ್ಲ ಎಂದು ಅವ್ವ ಹೇಳುತ್ತಿದ್ದಳು, ಆದರೂ ಉಪ್ಪು ಹಾಕಿಯೇ ಬಡಿಸುತ್ತೇವೆ.

ನಾನು ಒಳಗೆ ಕಾಲಿಟ್ಟಾಗ ಅತ್ತಿಗೆ ಧೂಪ ತೋರಿಸಿ ಮುಗಿಸಿದ್ದಳು. ಅಪ್ಪ ಯಲ್ಲಯ್ಯನ ಎಲೆಯಲ್ಲಿ ಮುದ್ದೆ, ಕೋಳಿ ಸಾರು, ಒಂದು ಕಟ್ಟು ಬೀಡಿ. ಅವ್ವನ ಎಲೆಯಲ್ಲಿ ಕಜ್ಜಾಯ, ಎಲೆಯಡಿಕೆ. ಚಿಕ್ಕಪ್ಪ ದಾಸಪ್ಪನದರಲ್ಲಿ ಮಸಾಲೆ ವಡೆ. ಅದರ ಪಕ್ಕದಲ್ಲಿ ಇನ್ನೊಂದು ಎಲೆ ಇತ್ತು.

ಅದರಲ್ಲಿ ಬೋಟಿ ಗೊಜ್ಜು, ಕುರಿಯ ಕರುಳಿನದು, ಬಡಿಸಿತ್ತು. ನಮ್ಮ ವಂಶದಲ್ಲೇ ಬೋಟಿ ತಿನ್ನುವವನು ಒಬ್ಬನೇ. ಎಲೆಯ ಮಗ್ಗುಲಲ್ಲಿ ನೀಲಿ ಗೀಟಿನ ಹೊಸ ಷರ್ಟು, ನನ್ನ ಅಣ್ಣನ ಅಳತೆಯದು.

ಬದುಕಿರುವವರಿಗೆ ಎಡೆ ಇಟ್ಟರೆ ಅವರನ್ನು ಸತ್ತವರ ಜೊತೆ ಸೇರಿಸಿದಂತೆ ಎಂದು ನಮ್ಮಲ್ಲಿ ಮಕ್ಕಳಿಗೂ ಗೊತ್ತು.

"ಅತ್ತಿಗೆ, ಏನ್ ಮಾಡಿದ್ದೀರ ನೀವು?"

ಅವಳು ಎಲೆಗಳನ್ನು ಎಣಿಸಿದಳು. ಮತ್ತೆ ಎಣಿಸಿದಳು. "ಬೇಕೂಂತ ಇಟ್ಟಿಲ್ಲ ಇಂದ್ರಾಣಿ. ನಾಲ್ಕನೇ ಬ್ಲಾಕಿನ ಅಂಗಡೀಲಿ ಬಟ್ಟೆ ತರುವಾಗ್ಲೂ ನಾಲ್ಕು ಜನಕ್ಕೆ ಅಂತ್ಲೇ ತಂದೆ. ಕೈ ತಾನಾಗೇ ಮಾಡ್ಬಿಟ್ಟಿದೆ." ಸೆರಗಿನಿಂದ ಮುಖ ಒರೆಸಿಕೊಂಡು ಹೇಳಿದಳು. "ದಿನಾ ಮಾಡೋದೂ ಇದೇ ಅಲ್ವಾ? ಏನಿಷ್ಟ ಅಂತ ನೆನಪ್ ಮಾಡ್ಕೊಂಡು ಮಾಡ್ತೀನಿ. ಬಡಿಸಿಟ್ಟು ಬಾಗಿಲು ಹಾಕ್ಕೋತೀನಿ. ಬಂದು ನೋಡಿದ್ರೆ ತಟ್ಟೆ ಖಾಲಿ. ಹೆಂಗಿತ್ತು ಅಂತ ಯಾರು ಹೇಳ್ತಾರೆ?"

ಅಷ್ಟರಲ್ಲಿ ಅಣ್ಣ ಫೋನು ನೋಡುತ್ತಾ ಒಳಗೆ ಬಂದ. ಎಲೆ ನೋಡಿದ, ಷರ್ಟು ನೋಡಿದ. ಫೋನು ಹಿಡಿದ ಕೈ ಕೆಳಗಿಳಿಯಿತು. ಬೈಯಲಿ ಎಂದು ನಾನು ಕಾದೆ. ಬೈದಿದ್ದರೂ ಎಷ್ಟೋ ಸಮಾಧಾನವಾಗುತ್ತಿತ್ತು.

ಅತ್ತಿಗೆ ಕೆಂಡದ ಮೇಲೆ ಮತ್ತೊಂದು ಹಿಡಿ ಸಾಂಬ್ರಾಣಿ ಹಾಕಿದಳು. ಕಣ್ಣು ಉರಿಯುವಷ್ಟು ಹೊಗೆ. ನಾವು ಹೊರಗೆ ಬಂದೆವು, ಅವಳು ಬಾಗಿಲು ಎಳೆದುಕೊಂಡಳು. ಅಣ್ಣ ಬಂದನೋ ಇಲ್ಲವೋ ನಾನು ನೋಡಲಿಲ್ಲ. ತಾರಸಿಗೆ ಹೋಗಿರಬೇಕು ಅಂದುಕೊಂಡೆ.

ಎಷ್ಟು ಹೊತ್ತಾಯಿತೋ. ಮೇನ್ ರೋಡಿನಲ್ಲಿ ಬಸ್ಸುಗಳು ಹಾರ್ನು ಹೊಡೆಯುತ್ತಿದ್ದವು. ಆ ಸದ್ದಿನ ನಡುವೆ ಬಾಗಿಲ ಆಚೆಯಿಂದ ಯಾರೋ ನಿಧಾನವಾಗಿ ಅಗಿಯುವುದು ಕೇಳಿಸಿತು. ನಾನು ಅತ್ತಿಗೆಯ ಕೈ ಹಿಡಿದುಕೊಂಡೆ. "ಪ್ರತಿ ವರ್ಷ ನಿಂತ್ಕೋತೀವಿ" ಎಂದಳು ಅತ್ತಿಗೆ, "ಇವತ್ತೇ ನೋಡು ಕೇಳಿಸ್ತಿರೋದು." ಆಮೇಲೆ ಕೆಮ್ಮಿ, ಬಾಗಿಲು ತೆಗೆದಳು.

ಮೂರು ಎಲೆಗಳು ಇಟ್ಟ ಹಾಗೇ ಇದ್ದವು. ನಾಲ್ಕನೆಯದು ಖಾಲಿ. ಅದರ ಮುಂದೆ ಅಣ್ಣ ಕೂತಿದ್ದ. ಹೊಸ ಷರ್ಟು ಹಾಕಿಕೊಂಡಿದ್ದ, ಕಾಲರಿನಲ್ಲಿ ಅಂಗಡಿಯ ಚೀಟಿ ಇನ್ನೂ ನೇತಾಡುತ್ತಿತ್ತು. ಫೋನು ಎಲ್ಲೂ ಕಾಣಲಿಲ್ಲ. ಅತ್ತಿಗೆಯ ಮುಖವನ್ನೇ ನೋಡುತ್ತಾ ಹೇಳಿದ. "ಕಲ್ಯಾಣಿ, ಗೊಜ್ಜಿಗೆ ಉಪ್ಪು ಹಾಕಿಲ್ಲ ನೀನು."

ಹನ್ನೊಂದು ವರ್ಷದಿಂದ ಅವಳು ಕಾಯುತ್ತಿದ್ದದ್ದು ಈ ಒಂದು ಮಾತಿಗೆ. ನನಗೆ ಅಳು ಬಂತು. ಈಗ ಅವಳು ನಗುತ್ತಾಳೆ, ಇಲ್ಲವೇ ಅವನ ಮೇಲೆ ರೇಗುತ್ತಾಳೆ ಎಂದು ನೋಡಿದೆ.

ಅತ್ತಿಗೆ ಬಗ್ಗಿ ಖಾಲಿ ಎಲೆಗೆ ಕೈಮುಗಿದಳು. ಅದನ್ನು ಮಡಿಚಿಕೊಂಡು ಅವನ ಪಕ್ಕದಿಂದಲೇ ಅಡುಗೆಮನೆಗೆ ಹೋದಳು. ಅಲ್ಲಿ ಯಾರೂ ಕೂತಿಲ್ಲವೇನೋ ಎಂಬಂತೆ.

"ಕಲ್ಯಾಣಿ" ಎಂದ ಅಣ್ಣ, ಜೋರಾಗಿ. ಅವಳು ತಿರುಗಲಿಲ್ಲ. ಅವನು ನನ್ನ ಕಡೆ ನೋಡಿದ. "ಇಂದ್ರಾಣಿ, ನಾನು ಮಾತಾಡಿದ್ದು ನಿಂಗೆ ಕೇಳಿಸ್ತಾ?"

"ಕೇಳಿಸ್ತು ಅಣ್ಣ."

"ಮತ್ತೆ ಅವಳಿಗ್ಯಾಕೆ ಕೇಳಿಸ್ಲಿಲ್ಲ?"

ಅಷ್ಟರಲ್ಲಿ ಅತ್ತಿಗೆ ಊಟಕ್ಕೆ ಕರೆದಳು. ನೆಲದ ಮೇಲೆ ಎರಡೇ ಎಲೆ ಹಾಕಿದ್ದಳು, ನನಗೊಂದು, ಅವಳಿಗೊಂದು.

"ಅಣ್ಣನಿಗೆ?" ಎಂದೆ.

"ಅವರದು ಆಯ್ತಲ್ಲ" ಎಂದಳು, ತೀರಾ ಮಾಮೂಲಿ ದನಿಯಲ್ಲಿ.

ಅಣ್ಣ ಹೊಸಿಲಿನಲ್ಲಿ ನಿಂತು ನಮ್ಮಿಬ್ಬರನ್ನೂ ನೋಡುತ್ತಿದ್ದ. ಅತ್ತಿಗೆ ಅದೇ ಪಾತ್ರೆಯಿಂದ ನನಗೂ ಸ್ವಲ್ಪ ಗೊಜ್ಜು ಬಡಿಸಿದಳು. ನಾನು ಬೋಟಿ ತಿನ್ನುವವಳಲ್ಲ, ಆದರೂ ಬೆರಳಲ್ಲಿ ತೆಗೆದು ನಾಲಿಗೆಗೆ ಇಟ್ಟುಕೊಂಡೆ.

ಉಪ್ಪು ಸರಿಯಾಗಿತ್ತು. ಅಣ್ಣ ನನ್ನ ಬಾಯನ್ನೇ ನೋಡುತ್ತಿದ್ದ. ಅವನಿಗೆ ಅದನ್ನು ಹೇಳಲು ನನಗೆ ಧೈರ್ಯ ಬರಲಿಲ್ಲ.